ಟಿಎಸ್‌ಎಚ್ ಜಾಸ್ತಿ ಇದ್ದರೆ ಥೈರಾಯ್ಡ್ ಕಮ್ಮಿ ಅನ್ನುವುದು ಹೇಗೆ?

ಪ್ರಶ್ನೆ: ನನಗೆ 41 ವರ್ಷ. ಆರು ತಿಂಗಳಿಂದ ವಿಪರೀತ ಸುಸ್ತು, ಕೂದಲು ಉದುರುತ್ತಿದೆ, ತೂಕ ಏರುತ್ತಿದೆ. ಬ್ಲಡ್ ಟೆಸ್ಟ್ ಮಾಡಿಸಿದೆ. ಟಿಎಸ್‌ಎಚ್ 18.4 ಎಂದು ಬಂದಿದೆ, ಪಕ್ಕದಲ್ಲಿ ‘ಹೈ’ ಎಂದು ದಪ್ಪಕ್ಷರದಲ್ಲಿದೆ. ಡಾಕ್ಟರು ನೋಡಿದರೆ ‘ನಿಮಗೆ ಥೈರಾಯ್ಡ್ ಕಮ್ಮಿ ಇದೆಯಮ್ಮ’ ಎಂದು ಮಾತ್ರೆ ಬರೆದುಕೊಟ್ಟರು. ಈಗಾಗಲೇ ಜಾಸ್ತಿ ಇರುವುದಕ್ಕೆ ಮತ್ತೆ ಮಾತ್ರೆ ಯಾಕೆ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ರಿಪೋರ್ಟೂ ಸರಿ, ಡಾಕ್ಟರು ಹೇಳಿದ್ದೂ ಸರಿ. ಗೊಂದಲಕ್ಕೆ ಕಾರಣ ಇಷ್ಟೇ: ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನೇ ಅಲ್ಲ. ಅದು ಬರುವುದು ತಲೆಯೊಳಗಿನಿಂದ.

ಥೈರಾಯ್ಡ್ ಇರುವುದು ಕತ್ತಿನ ಮುಂಭಾಗದಲ್ಲಿ, ಗಂಟಲಗಂಟಿನ ಕೆಳಗೆ. ದೊಡ್ಡವರಲ್ಲಿ ಸುಮಾರು 20 ಗ್ರಾಂ ತೂಗುತ್ತದೆ. ನಾವು ಉಪ್ಪಿನಲ್ಲಿ ತಿನ್ನುವ ಅಯೋಡಿನ್ ಹಿಡಿದಿಟ್ಟುಕೊಂಡು ಅದು ಎರಡು ಹಾರ್ಮೋನು ಮಾಡುತ್ತದೆ: ನಾಲ್ಕು ಅಯೋಡಿನ್ ಪರಮಾಣು ಇರುವ ಟಿ4, ಮೂರು ಇರುವ ಟಿ3. ಹೊರಬರುವುದರಲ್ಲಿ ಹೆಚ್ಚಿನ ಪಾಲು ಟಿ4. ಆದರೆ ನಿಜವಾಗಿ ಕೆಲಸ ಮಾಡುವುದು ಟಿ3. ಲಿವರ್, ಕಿಡ್ನಿ, ಸ್ನಾಯು, ಮಿದುಳು ತಮಗೆ ಬೇಕಾದಾಗ ಟಿ4ನಿಂದ ಒಂದು ಅಯೋಡಿನ್ ಕಳಚಿ ಟಿ3 ಮಾಡಿಕೊಳ್ಳುತ್ತವೆ. ಆ ಟಿ3 ಜೀವಕೋಶದ ಕೇಂದ್ರಕ್ಕೇ ಇಳಿದು ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎಂಬುದನ್ನು ಬದಲಿಸುತ್ತದೆ. ಇದು ನಿಧಾನದ ಕೆಲಸ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸೊಂದು ಮೈಮೇಲೆ ಬಂದಂತಾದರೆ ಅಡ್ರಿನಲಿನ್ ಕ್ಷಣದಲ್ಲಿ ಎದೆ ಡವಗುಟ್ಟಿಸುತ್ತದೆ, ಕೆಲವೇ ನಿಮಿಷಕ್ಕೆ ಇಳಿದೂ ಹೋಗುತ್ತದೆ. ಥೈರಾಯ್ಡ್ ಹಾರ್ಮೋನಿನ ಪರಿಣಾಮ ಮೈಗೆ ಹತ್ತುವುದಕ್ಕೂ ಇಳಿಯುವುದಕ್ಕೂ ದಿನಗಳು, ವಾರಗಳು ಹಿಡಿಯುತ್ತವೆ. ನಿಮ್ಮ ಸುಸ್ತು ಯಾವತ್ತು ಶುರುವಾಯಿತೆಂದು ನಿಮಗೇ ಹೇಳಲಾಗದಿದ್ದರೆ ಅದಕ್ಕೆ ಇದೇ ಕಾರಣ.

ಎಷ್ಟು ಹಾರ್ಮೋನು ಮಾಡಬೇಕೆಂದು ಥೈರಾಯ್ಡ್ ತಾನೇ ನಿರ್ಧರಿಸುವುದಿಲ್ಲ. ಮಿದುಳಿನ ಬುಡದಲ್ಲಿ, ಮೂಗಿನ ಹಿಂದೆ, ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಎಷ್ಟಿದೆ ಎಂದು ಅದು ಸದಾ ಗಮನಿಸುತ್ತಿರುತ್ತದೆ. ಕಡಿಮೆ ಅನಿಸಿದರೆ ಟಿಎಸ್‌ಎಚ್ ಕಳಿಸುತ್ತದೆ, ‘ಇನ್ನಷ್ಟು ಮಾಡು’ ಎಂಬ ಆಜ್ಞೆ ಅದು. ಸಾಕಷ್ಟಿದ್ದರೆ ಕೈ ಬಿಗಿಹಿಡಿಯುತ್ತದೆ. ಒಳಗಿನವರು ಬಾಗಿಲು ತೆಗೆಯದಿದ್ದರೆ ನಾವು ಕಾಲಿಂಗ್ ಬೆಲ್ ಮತ್ತೆ ಮತ್ತೆ ಒತ್ತುತ್ತೇವಲ್ಲ, ನಿಮ್ಮ 18.4 ಆ ಬೆಲ್ಲಿನ ಸದ್ದು. ಥೈರಾಯ್ಡ್ ಓಗೊಡುತ್ತಿಲ್ಲ, ಪಿಟ್ಯುಟರಿ ಬಿಡುತ್ತಿಲ್ಲ. ಡಾಕ್ಟರು ಕೊಟ್ಟಿರುವುದು ಟಿ4 ಮಾತ್ರೆ. ಅದು ರಕ್ತ ಸೇರಿ ಮಟ್ಟ ಸರಿಹೋದಾಗ ಟಿಎಸ್‌ಎಚ್ ತಾನಾಗಿ ಇಳಿಯುತ್ತದೆ.

ಪಿಟ್ಯುಟರಿಯ ಮೇಲೂ ಒಬ್ಬ ಯಜಮಾನ ಇದ್ದಾನೆ, ಮಿದುಳಿನದೇ ಭಾಗವಾದ ಹೈಪೊಥಲಾಮಸ್. ಅದು ಕಳಿಸುವ ಟಿಆರ್‌ಎಚ್ ಬರೀ ಮೂರು ಅಮಿನೊ ಆಮ್ಲಗಳ ಪುಟ್ಟ ಅಣು. ಅದರ ರಚನೆ ಗೊತ್ತಾದದ್ದು 1969ರಲ್ಲಿ. ರೋಜರ್ ಗಿಲ್ಮಾ ಕುರಿಗಳ, ಆಂಡ್ರ್ಯೂ ಶಾಲಿ ಹಂದಿಗಳ ಹೈಪೊಥಲಾಮಸ್ ರಾಶಿರಾಶಿಯಾಗಿ ಅರೆದು ಸೋಸಿ, ಕೊನೆಗೆ ಸಿಕ್ಕಿದ್ದು ಮಿಲಿಗ್ರಾಂ ಲೆಕ್ಕದಲ್ಲಿ. 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ವರ್ಷ ಅದೇ ಬಹುಮಾನದ ಅರ್ಧ ಪಾಲು ರೊಸಾಲಿನ್ ಯಾಲೊ ಅವರಿಗೆ. ರಕ್ತದಲ್ಲಿರುವ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ವಿಧಾನ ಕಂಡುಹಿಡಿದವರು ಅವರು. ಆ ದಾರಿ ತೆರೆದದ್ದರಿಂದಲೇ ಇವತ್ತು ಬೆಳಿಗ್ಗೆ ಕೊಟ್ಟ ರಕ್ತದ ಟಿಎಸ್‌ಎಚ್ ಸಂಜೆಗೆ ನಮ್ಮ ವಾಟ್ಸ್ಆ್ಯಪ್‌ಗೆ ಬರುತ್ತಿದೆ. ಬಿಡಿಸಿ ಹೇಳುವವರು ಮಾತ್ರ ಅದರ ಜೊತೆ ಬರುವುದಿಲ್ಲ ಎಂಬುದು ನನ್ನ ಸಂಕಟ.

ಟಿ4 ಬಿಟ್ಟು ಟಿಎಸ್‌ಎಚ್ ಕಡೆಗೇ ಡಾಕ್ಟರು ಮೊದಲು ಕಣ್ಣು ಹಾಯಿಸುವುದಕ್ಕೂ ಕಾರಣವಿದೆ. ಟಿ4 ಚೂರು ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ. ಹಾಗಾಗಿ ಟಿ4 ಇನ್ನೂ ನಾರ್ಮಲ್ ಗೆರೆಯೊಳಗೆ ಇರುವಾಗಲೇ ಟಿಎಸ್‌ಎಚ್ 6, 7 ಆಗಿರಬಹುದು. ಹೆಚ್ಚಿನ ಲ್ಯಾಬ್‌ಗಳಲ್ಲಿ ಮೇಲಿನ ಮಿತಿ 4ರಿಂದ 5ರ ಆಸುಪಾಸು. ಅಂಥವರಿಗೆಲ್ಲ ತಕ್ಷಣ ಮಾತ್ರೆ ಬೇಕೆಂದಿಲ್ಲ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಿದಾಗ ಎಷ್ಟೋ ಜನರಿಗೆ ತಾನಾಗಿ ಇಳಿದಿರುತ್ತದೆ. 10 ದಾಟಿದರೆ, ಇಲ್ಲವೇ ಹೆಂಗಸು ಬಸುರಿಯಾಗಿದ್ದರೆ, ಲೆಕ್ಕವೇ ಬೇರೆ.

ಅಯೋಡಿನ್ ಉಪ್ಪು ತಿನ್ನುವ ಊರಿನಲ್ಲಿ ಥೈರಾಯ್ಡ್ ಸೋಲಲು ಮುಖ್ಯ ಕಾರಣ ನಮ್ಮದೇ ರೋಗನಿರೋಧಕ ವ್ಯವಸ್ಥೆ ಅದರ ಮೇಲೆ ತಿರುಗಿಬೀಳುವುದು. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯ ಹಕರು ಹಶಿಮೊಟೊ ಅವರ ಹೆಸರೇ ಕಾಯಿಲೆಗಿದೆ. ಇದಕ್ಕೆ ಉಪ್ಪು ಹೆಚ್ಚು ತಿಂದು ಉಪಯೋಗವಿಲ್ಲ. ಕೋಸು ಬಿಟ್ಟರೆ ವಾಸಿಯಾಗುತ್ತದೆ ಎಂಬುದನ್ನೂ ನಂಬಬೇಡಿ, ಬೇಯಿಸಿದ ಕೋಸಿನ ಪಲ್ಯ ಧಾರಾಳವಾಗಿ ತಿನ್ನಿ.

ಈಗ ಮಾತ್ರೆಯ ವಿಷಯ. ಕರುಳು ಇದನ್ನು ಹೀರಿಕೊಳ್ಳುವುದು ಖಾಲಿ ಹೊಟ್ಟೆಯಲ್ಲೇ ಚೆನ್ನಾಗಿ, ಆಗಲೂ ನುಂಗಿದ್ದರಲ್ಲಿ ಸುಮಾರು 60ರಿಂದ 80 ಶೇಕಡ ಮಾತ್ರ. ಮೇಲಿಂದಲೇ ಸ್ಟ್ರಾಂಗ್ ಫಿಲ್ಟರ್ ಕಾಫಿ ಹಾಕಿದರೆ ಇನ್ನೂ ಕಡಿಮೆ. ಎದ್ದ ತಕ್ಷಣ ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿ ಲೋಟ ಮುಟ್ಟಬೇಡಿ. ಡಿಕಾಕ್ಷನ್ ಇಳಿಯುವವರೆಗೆ ಕಾಯುವ ಊರಿಗೆ ಇಷ್ಟು ಕಾಯುವುದು ಕಷ್ಟವಾಗಬಾರದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಬೇಕು, ಅವು ಟಿ4 ಹಿಡಿದು ಹೊರಗೊಯ್ಯುತ್ತವೆ.

ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಅದಕ್ಕೇ ಡೋಸು ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಟೆಸ್ಟ್ ಮಾಡಿಸಿ ಅನ್ನುವುದು. ಹತ್ತು ದಿನಕ್ಕೆ ಮಾಡಿಸಿದರೆ ದುಡ್ಡೂ ದಂಡ, ಸಿಗುವ ಅಂಕಿಯೂ ದಾರಿಯ ಮಧ್ಯದ್ದು. ನನಗೆ ಹೆಚ್ಚು ಕಳವಳ ತರುವುದು ಇನ್ನೊಂದು ಅಭ್ಯಾಸ: ಟಿಎಸ್‌ಎಚ್ 2.5 ಬಂತು, ವಾಸಿಯಾಯಿತು ಎಂದು ಮಾತ್ರೆ ನಿಲ್ಲಿಸಿಬಿಡುವುದು. ಆ 2.5 ಬಂದದ್ದೇ ಮಾತ್ರೆಯಿಂದ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರೇ ಎಂಬ ವೈದ್ಯ, ಥೈರಾಯ್ಡ್ ಪೂರ್ತಿ ಸೋತಿದ್ದ 46ರ ಹೆಂಗಸಿಗೆ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚಿ ಕೊಟ್ಟರು. ಮುಂದೆ ಜೀವನಪೂರ್ತಿ ಅದನ್ನು ಬಿಡದೆ ತೆಗೆದುಕೊಂಡ ಆಕೆ 1919ರವರೆಗೆ, 74 ವರ್ಷ ಬಾಳಿದರು. ನಮ್ಮ ಕೈಗೆ ಅದು ಇವತ್ತು ಮೈಕ್ರೊಗ್ರಾಂ ಲೆಕ್ಕದಲ್ಲಿ ಅಳೆದ ಮಾತ್ರೆಯಾಗಿ ಸಿಗುತ್ತಿದೆ.

ಮುಂದಿನ ಸಲ ರಕ್ತ ಕೊಡುವಾಗ ಹಿಂದಿನ ಸಲದ ಹೊತ್ತಿಗೇ ಹೋಗಿ, ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನ ಇಳಿಯುತ್ತದೆ. ಅವತ್ತಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ, ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ಚನ್ನು ಸುಳ್ಳೇ ಕಡಿಮೆ ತೋರಿಸುತ್ತದೆ.

ಇದೇ ಸುಸ್ತು ಇದ್ದು ಟಿಎಸ್‌ಎಚ್ ನಾರ್ಮಲ್ ಬಂದವರೂ ಬರೆಯುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಕಾರಣ ರಕ್ತಹೀನತೆಯೋ ನಿದ್ರೆಗೇಡೋ ಬೇರೇನೋ ಇರುತ್ತದೆ. ಆದರೆ ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿ, ಆಮೇಲೆ ಎದೆಹಾಲು ಬಾರದೆ ಮುಟ್ಟೂ ನಿಂತಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು. ಅಲ್ಲಿ ಪಿಟ್ಯುಟರಿಗೇ ಪೆಟ್ಟು ಬಿದ್ದಿರಬಹುದು. ಆಗ ಟಿಎಸ್‌ಎಚ್ ಒಂದನ್ನೇ ನೋಡಿ ಏನೂ ತಿಳಿಯದು, ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4) ಜೊತೆಗೆ, ಪಿಟ್ಯುಟರಿಯ ಆಜ್ಞೆಯಂತೆಯೇ ಬರುವ ಇನ್ನೊಂದು ಹಾರ್ಮೋನಾದ ಕಾರ್ಟಿಸಾಲ್ ಟೆಸ್ಟ್ ಕೂಡ ಮಾಡಿಸಬೇಕಾಗುತ್ತದೆ.