ವೇಗದ ಲೆಕ್ಕ ಗಾಡಿಯಲ್ಲೇ ಇದೆ, ನೋಡುವವರು ಬೇಕು

ತಲಪಾಡಿಯಿಂದ ಉಪ್ಪಳ, ಕುಂಬಳೆ ದಾಟಿ ಕಾಸರಗೋಡಿಗೆ ಬರುವ ಬಸ್ಸುಗಳಲ್ಲಿ ಎರಡು ಉಪಕರಣ ಇರಬೇಕು. ಒಂದು ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್, ಇನ್ನೊಂದು ಗಾಡಿ ಎಲ್ಲಿ, ಎಷ್ಟು ವೇಗದಲ್ಲಿ ಹೋಯಿತೆಂದು ದಾಖಲಿಸುವ ಜಿಪಿಎಸ್ ಪೆಟ್ಟಿಗೆ. ಹೊಸ ಸಾರಿಗೆ ವಾಹನಗಳಿಗೆ 80 ಕಿ.ಮೀ. ಮಿತಿಯ ಗವರ್ನರ್ ಕಡ್ಡಾಯವಾದದ್ದು 2015ರ ಅಕ್ಟೋಬರಿನಲ್ಲಿ. ಜಿಪಿಎಸ್ ನಿಯಮ 2016ರಲ್ಲಿ ಬಂತು, ಗಡುವು ಮುಂದೆ ಮುಂದೆ ಹೋಗಿ ಹೊಸ ಬಸ್ಸುಗಳಿಗೆ ಅನ್ವಯವಾದದ್ದು 2019ರ ಜನವರಿಯಲ್ಲಿ.

ಹಳೆಯ ಡೀಸೆಲ್ ಗಾಡಿಯಲ್ಲಿ ಗೇರ್‌ಬಾಕ್ಸ್ ಬಳಿ ಇರುವ ಗವರ್ನರಿನ ಸೆನ್ಸರ್ ವೇಗ ಅಳೆಯುತ್ತದೆ. ಮಿತಿ ಮುಟ್ಟಿದೊಡನೆ ಡೀಸೆಲ್ ಪೈಪಿನ ವಾಲ್ವ್ ಕಿರಿದಾಗುತ್ತದೆ. ಹೊಸ ಗಾಡಿಯಲ್ಲಿ ಗವರ್ನರ್ ಆಕ್ಸಿಲರೇಟರ್ ಪೆಡಲಿನಿಂದ ಹೋಗುವ ವಿದ್ಯುತ್ ಸಂಕೇತವನ್ನೇ ತಡೆಯುತ್ತದೆ. ಸೀಲ್ ಒಡೆದು ವಯರ್ ಕಳಚಿದರೆ ಎರಡು ಬಗೆಯ ಗವರ್ನರೂ ಇದ್ದೂ ಇಲ್ಲದಂತೆ.

2022ರ ಅಕ್ಟೋಬರ್ 5ರ ರಾತ್ರಿ ಪಾಲಕ್ಕಾಡಿನ ವಡಕ್ಕಂಚೇರಿಯಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಒಯ್ಯುತ್ತಿದ್ದ ಬಸ್ಸು ಕೇರಳ ಸಾರಿಗೆ ಬಸ್ಸಿಗೆ ಹಿಂದಿನಿಂದ ಗುದ್ದಿತು. ಒಂಬತ್ತು ಮಂದಿ ತೀರಿಕೊಂಡರು, ಅವರಲ್ಲಿ ಐವರು ವಿದ್ಯಾರ್ಥಿಗಳು. ಬಸ್ಸಿನ ಗವರ್ನರಿಗೆ ಕೈ ಹಾಕಲಾಗಿತ್ತು. ಜಿಪಿಎಸ್ ದಾಖಲೆ ತೋರಿಸಿದ ವೇಗ 97.7 ಕಿ.ಮೀ. ಎಂಬತ್ತಕ್ಕಿಂತ ಬರೀ ಹದಿನೆಂಟು ಹೆಚ್ಚು ಅನಿಸಬಹುದು. ಆದರೆ ಗುದ್ದುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ವೇಗ ಮೀರಿದ ಎಚ್ಚರಿಕೆ ಮಾಲಕರ ಮೊಬೈಲಿಗೂ ಹೋಗಿತ್ತು. ನನ್ನನ್ನು ಹೆಚ್ಚು ಕಾಡುವುದು ಇದೇ: ಪೆಟ್ಟಿಗೆ ತನ್ನ ಕೆಲಸ ಮಾಡಿತ್ತು.

ಗವರ್ನರಿನಂತೆ ಈ ಜಿಪಿಎಸ್ ಪೆಟ್ಟಿಗೆಯನ್ನು ಸುಮ್ಮನಾಗಿಸುವುದು ಅಷ್ಟು ಸುಲಭವಲ್ಲ. ಒಳಗೆ ಸ್ವಂತ ಬ್ಯಾಟರಿ ಇದೆ, ಮುಖ್ಯ ವಯರ್ ಕಿತ್ತರೆ ಅದನ್ನೂ ವರದಿ ಮಾಡುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ದಾಖಲೆ ಕೂಡಿಟ್ಟು ಆಮೇಲೆ ಕಳಿಸುತ್ತದೆ. ಹಾಗಾಗಿ ತಪಾಸಣೆಯಲ್ಲಿ ಸೀಲ್ ನೋಡಿದರೆ ಸಾಲದು, ಕಳೆದ ತಿಂಗಳ ದಾಖಲೆ ತೆಗೆಸಿ ನೋಡಬೇಕು.

ಓಡಿಸುವ ರೀತಿ ನೋಡಿ ಪ್ರೀಮಿಯಂ ಹಾಕುವ ದಾರಿಗೆ ವಿಮೆ ಬಂದದ್ದು ತಡವಾಗಿ. ನಿಯಮ ಮುರಿದವರಿಗೆ ಹೆಚ್ಚುವರಿ ಪ್ರೀಮಿಯಂ ಹಾಕುವ ಕರಡು 2021ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯಗುಂಪಿನಿಂದ ಬಂತು. 2022ರ ಜುಲೈಯಲ್ಲಿ ಪ್ರಾಧಿಕಾರ, ಓಡಿಸಿದಷ್ಟಕ್ಕೆ ಅಥವಾ ಓಡಿಸುವ ರೀತಿಗೆ ತಕ್ಕ ಪ್ರೀಮಿಯಂಗೆ ಒಪ್ಪಿತು, ಅದೂ ಸ್ವಂತ ಗಾಡಿಯ ಹಾನಿಯ ಭಾಗಕ್ಕೆ ಮಾತ್ರ.

ಮೊಬೈಲ್ ಆ್ಯಪ್ ಅಥವಾ ಸ್ಟಿಯರಿಂಗ್ ಕೆಳಗಿನ ಸಾಕೆಟಿಗೆ ಸಿಕ್ಕಿಸುವ ಉಪಕರಣ ಓಡಿಸುವ ರೀತಿಗೆ ಅಂಕ ಕೊಡಲು ಬ್ರೇಕಿನ ಜೋರನ್ನು ಅಳೆಯುತ್ತದೆ. ಒಂದು ಸೆಕೆಂಡಿನಲ್ಲಿ ವೇಗ ಹತ್ತು ಹನ್ನೊಂದು ಕಿ.ಮೀ. ಇಳಿದರೆ ಸಾಮಾನ್ಯವಾಗಿ ಅಂಕ ಕಡಿತ. ಮೊಗ್ರಾಲಿನಲ್ಲಿ ಅಡ್ಡ ಬಂದ ಮಗುವನ್ನು ಉಳಿಸಲು ಒತ್ತಿದ ಬ್ರೇಕೂ, ಮುಂದಿನ ಗಾಡಿಗೆ ಅಂಟಿಕೊಂಡು ಹೋಗಿ ಒತ್ತಿದ ಬ್ರೇಕೂ ಅದಕ್ಕೆ ಒಂದೇ. ಡ್ಯಾಶ್‌ಬೋರ್ಡಿನ ಮೇಲೆ ಸಡಿಲವಾಗಿಟ್ಟ ಮೊಬೈಲ್ ಜಾರಿದರೂ ತಪ್ಪು ದಾಖಲಾಗಬಹುದು. ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪಿದರೆ ವೇಗಮಿತಿಯೇ ಬದಲಾಗುತ್ತದೆ. ಒಂದು ದಿನದ ಅಂಕ ನೋಡಿ ತೀರ್ಮಾನಿಸಬಾರದು, ತಿಂಗಳುಗಟ್ಟಲೆ ದಾಖಲೆ ಬೇಕು.

ರಸ್ತೆ ದಾಟುವಾಗ ಗಾಡಿ ಬಡಿದವರಿಗೆ ಪರಿಹಾರ ಸಿಗುವುದು ಥರ್ಡ್ ಪಾರ್ಟಿ ವಿಮೆಯಿಂದ. ಅದರ ದರ ಕೇಂದ್ರ ಸರಕಾರ ನಿಗದಿ ಮಾಡುವಂಥದ್ದು: ಕಾರಿಗೆ ಎಂಜಿನ್ ಸಿಸಿ, ಲಾರಿಗೆ ತೂಕ, ಬಸ್ಸಿಗೆ ಸೀಟು. ಚಾಲಕ ಅರುವತ್ತರಲ್ಲಿ ಹೋದರೂ ನೂರರಲ್ಲಿ ಹೋದರೂ ಮಾಲಕರು ಕಟ್ಟುವುದು ಅಷ್ಟೇ.