ಆನ್‌ಲೈನ್ ಸರ್ಕಾರಿ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಬಹುದೇ?

ಪ್ರಶ್ನೆ: ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಮಗಳು ನಾಲ್ಕನೇ ಕ್ಲಾಸು, ಸೈಬರ್ ಚಾರ್ಟರ್ ಸ್ಕೂಲಿನಲ್ಲಿ, ಅಂದರೆ ಮನೆಯಿಂದಲೇ ಓದುವ ಆನ್‌ಲೈನ್ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಾಳೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಬೇಸತ್ತಿದ್ದಾಳೆ. ಹೇಗೂ ಪಕ್ಕದಲ್ಲಿ ಕೂತು ಹೇಳಿಕೊಡುವವಳು ನಾನೇ. ಶಾಲೆ ಬಿಡಿಸಿ ನಾನೇ ಕಲಿಸಿದರೆ ಆಗದೇ?

ಉತ್ತರ: ಖಂಡಿತ ಆಗುತ್ತದೆ. ಅಲ್ಲಿ ಹೋಮ್‌ಸ್ಕೂಲಿಂಗ್‌ಗೆ 1988ರಿಂದ ಪ್ರತ್ಯೇಕ ಕಾನೂನೇ ಇದೆ. ಕಲಿಸುವವರು ಹೈಸ್ಕೂಲ್ ಡಿಪ್ಲೊಮಾ (ಅಲ್ಲಿ ಅದು 12ನೇ ಕ್ಲಾಸಿನವರೆಗಿನ ಓದು) ಅಥವಾ ಅದಕ್ಕೆ ಸಮನಾದ ಓದು ಮುಗಿಸಿದ್ದರೆ ಸಾಕು.

ಆದರೆ ‘ಹೇಗೂ ನಾನೇ ಹೇಳಿಕೊಡುತ್ತೇನೆ’ ಅಂದಿರಲ್ಲ, ಅದನ್ನು ಇನ್ನೊಮ್ಮೆ ಯೋಚಿಸಿ. ಸೈಬರ್ ಚಾರ್ಟರ್ ಮನೆಯೊಳಗೆ ನಡೆದರೂ ಅದು ಸರ್ಕಾರಿ ಶಾಲೆಯೇ. ಪಾಠ ಯಾವುದು, ಪರೀಕ್ಷೆ ಯಾವಾಗ, ಹಾಜರಿ ಎಷ್ಟು ಅನ್ನುವುದನ್ನೆಲ್ಲ ನೋಡಿಕೊಳ್ಳುವುದು ಅವರು. ನೀವು ಪಾಠದ ಪಕ್ಕ ಕೂರುತ್ತೀರಿ, ಅಷ್ಟೇ. ಹೋಮ್‌ಸ್ಕೂಲ್ ಆದ ದಿನದಿಂದ ಅದೆಲ್ಲವೂ ನಿಮ್ಮ ತಲೆಗೆ ಬರುತ್ತದೆ. ಅವರು ಕೊಟ್ಟ ಲ್ಯಾಪ್‌ಟಾಪ್ ವಾಪಸ್ ಹೋಗುತ್ತದೆ, ಪುಸ್ತಕದ ಖರ್ಚು ನಿಮ್ಮದೇ.

ಹಾಗಾಗಿ ಮೊದಲು ನೋಡಬೇಕಾದ್ದು, ಮಗುವಿಗೆ ಸಾಕಾಗಿರುವುದು ಏನು ಅಂತ. ಬರೀ ಸ್ಕ್ರೀನ್ ಆಗಿದ್ದರೆ ಟೀಚರ್ ಹತ್ತಿರ ಮಾತಾಡಿ, ಲೈವ್ ಕ್ಲಾಸ್ ಕಡಿಮೆ ಮಾಡಲು ಆಗುತ್ತದಾ ಕೇಳಿ. ಗೆಳತಿಯರು ಬೇಕು ಅನಿಸಿದ್ದರೆ ಪಕ್ಕದ ಬೀದಿಯ ಮಾಮೂಲಿ ಶಾಲೆಯೇ ಉತ್ತರ ಆಗಬಹುದು. ಪಾಠದ ವೇಗ ಅವಳಿಗೆ ಹೊಂದುತ್ತಿಲ್ಲ, ಗಣಿತದಲ್ಲಿ ಮುಂದೆ ಓಡಬೇಕು, ಓದುವುದರಲ್ಲಿ ನಿಧಾನವಾಗಿ ಹೋಗಬೇಕು ಅಂತಿದ್ದರೆ ಮಾತ್ರ ಹೋಮ್‌ಸ್ಕೂಲಿಂಗ್ ನಿಜವಾಗಿ ಕೈ ಹಿಡಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಮಧ್ಯಾಹ್ನ ಒಂದು ಗಂಟೆ ಕನ್ನಡ ಓದಿಸಲು ಬಿಡುವು ಸಿಗುವುದೂ ಸಣ್ಣ ಲಾಭವಲ್ಲ.

ಮಗಳಿಗೆ ಐಇಪಿ (ವಿಶೇಷ ನೆರವು ಬೇಕಾದ ಮಗುವಿಗೆ ಶಾಲೆ ಮಾಡಿಕೊಡುವ ಲಿಖಿತ ಕಲಿಕಾ ಯೋಜನೆ) ಇದ್ದು ಶಾಲೆಯಿಂದ ಸ್ಪೀಚ್ ಥೆರಪಿಯಂಥ ನೆರವು ಸಿಗುತ್ತಿದ್ದರೆ ದಯವಿಟ್ಟು ಅವಸರ ಮಾಡಬೇಡಿ. ಶಾಲೆ ಬಿಟ್ಟ ಮೇಲೆ ಅದು ಮುಂದುವರಿಯುತ್ತದೆ ಅನ್ನುವ ಭರವಸೆ ಇಲ್ಲ. ಮೇಲಾಗಿ ಅಂಥ ಮಕ್ಕಳಿಗೆ ನೀವು ಹಾಕಿಕೊಂಡ ಪಾಠದ ಯೋಜನೆಯನ್ನು ವಿಶೇಷ ಶಿಕ್ಷಣದ ಟೀಚರ್ ಅಥವಾ ಮನಶ್ಶಾಸ್ತ್ರಜ್ಞರು ಮೊದಲೇ ಲಿಖಿತವಾಗಿ ಒಪ್ಪಿರಬೇಕು.

ಬಿಡಿಸುವುದೇ ಸರಿ ಅನಿಸಿದರೆ, ಯಾವ ಕಾಗದ ಮೊದಲು ಅನ್ನುವುದು ಬಹಳ ಮುಖ್ಯ. ಮನೆಯಲ್ಲೇ ಕಲಿಸುತ್ತೇನೆ ಎಂದು ಘೋಷಿಸುವ ಅಫಿಡವಿಟ್ ಹೋಗಬೇಕಾದ್ದು ಸೈಬರ್ ಶಾಲೆಗಲ್ಲ, ನೀವು ವಾಸವಿರುವ ಸ್ಕೂಲ್ ಡಿಸ್ಟ್ರಿಕ್ಟ್‌ನ (ಆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಮುಖ್ಯಸ್ಥರಾದ ಸೂಪರಿಂಟೆಂಡೆಂಟ್‌ಗೆ. ಯಾವ ವಿಷಯದಲ್ಲಿ ಏನು ಕಲಿಸುತ್ತೀರಿ ಅನ್ನುವ ವಿವರ ಮತ್ತು ಲಸಿಕೆಯ ದಾಖಲೆ ಅದರ ಜೊತೆಗಿರಬೇಕು. ಅದು ತಲುಪಿದ್ದಕ್ಕೆ ಪುರಾವೆ ಇಟ್ಟುಕೊಂಡು, ಆಮೇಲೆ ಸೈಬರ್ ಶಾಲೆಗೆ ಬಿಡುಗಡೆಯ ಪತ್ರ ಬರೆಯಿರಿ. ಇದನ್ನೆಲ್ಲ ಬಿಟ್ಟು ಸುಮ್ನೆ ಲಾಗಿನ್ ಆಗುವುದನ್ನು ನಿಲ್ಲಿಸಿದರೆ ಗೈರುಹಾಜರಿ ಬೀಳುತ್ತಾ ಹೋಗುತ್ತದೆ. ಸರಿಯಾದ ಕಾರಣವಿಲ್ಲದ 3 ದಿನ ಆದರೆ ಆ ರಾಜ್ಯದ ಕಾನೂನಿನಲ್ಲಿ ಮಗುವನ್ನು ‘ಟ್ರೂಯಂಟ್’, ಅಂದರೆ ಶಾಲೆ ತಪ್ಪಿಸುವ ಮಗು ಅನ್ನುತ್ತಾರೆ. ವರ್ಷದ ಮಧ್ಯದಲ್ಲೂ ಶುರು ಮಾಡಬಹುದು. ಮುಂದಿನ ವರ್ಷಗಳಲ್ಲಿ ಆಗಸ್ಟ್ 1ರೊಳಗೆ ಅಫಿಡವಿಟ್ ಕೊಡಬೇಕು.

ವರ್ಷಕ್ಕೆ 180 ದಿನ ಅಥವಾ 900 ಗಂಟೆ ಪಾಠ ಆಗಬೇಕು (ಏಳನೇ ಕ್ಲಾಸಿನಿಂದ 990). ಇಂಗ್ಲಿಷ್, ಗಣಿತ, ವಿಜ್ಞಾನದ ಜೊತೆ ಪೆನ್ಸಿಲ್ವೇನಿಯಾದ ಇತಿಹಾಸ, ಸಂಗೀತ, ಚಿತ್ರಕಲೆ ಎಲ್ಲ ಪಟ್ಟಿಯಲ್ಲಿವೆ. ಬೆಂಕಿ ಅನಾಹುತ ತಡೆಯುವ ಪಾಠ ಕೂಡ ಕಡ್ಡಾಯ! ಓದಿದ ಪುಸ್ತಕಗಳ ಹೆಸರನ್ನು ಆಗಾಗ ಬರೆದಿಡಿ. ಮಗು ಬರೆದ ಪ್ರಬಂಧ, ಲೆಕ್ಕದ ಹಾಳೆ, ಬಿಡಿಸಿದ ನಕ್ಷೆಗಳನ್ನು ತಿಂಗಳಿಗೆ ಒಂದೆರಡರಂತೆ ಒಂದು ಫೈಲಿಗೆ ಸೇರಿಸುತ್ತಾ ಬನ್ನಿ. ಮೇ ತಿಂಗಳಲ್ಲಿ ಹುಡುಕಲು ಕೂತರೆ ಸಿಗುವುದಿಲ್ಲ. ಅರ್ಹತೆ ಇರುವ ಮೌಲ್ಯಮಾಪಕರೊಬ್ಬರು ಆ ಫೈಲು ನೋಡಿ, ಮಗುವನ್ನು ಮಾತಾಡಿಸಿ, ಕಲಿಕೆ ಆಗಿದೆ ಎಂದು ಪತ್ರ ಕೊಡುತ್ತಾರೆ. ಅದು ಜೂನ್ 30ರೊಳಗೆ ಸೂಪರಿಂಟೆಂಡೆಂಟ್‌ಗೆ ತಲುಪಬೇಕು. ಪರೀಕ್ಷೆ ಇರುವುದು 3, 5 ಮತ್ತು 8ನೇ ಕ್ಲಾಸಿನಲ್ಲಿ ಮಾತ್ರ. ನಿಮ್ಮ ಮಗಳಿಗೆ ಈ ವರ್ಷ ಇಲ್ಲ, ಮುಂದಿನ ವರ್ಷ ಇದೆ.

ಮಗು ಒಂಟಿಯಾಗುತ್ತದಾ ಅನ್ನುವ ಭಯ ಎಲ್ಲ ತಾಯಂದಿರಿಗೂ ಇರುತ್ತದೆ, ಅಲ್ವಾ? ಡಿಸ್ಟ್ರಿಕ್ಟ್‌ನ ಕ್ರೀಡೆ, ಬ್ಯಾಂಡ್‌ನಂಥ ಚಟುವಟಿಕೆಗಳಿಗೆ ಹೋಮ್‌ಸ್ಕೂಲ್ ಮಕ್ಕಳೂ ಸೇರಬಹುದು. 2022ರ ಕಾನೂನಿನಿಂದ ಕೆಲವು ತರಗತಿಗಳಿಗೂ ಹೋಗುವ ಅವಕಾಶ ಇದೆ. ಒಂದು ಫೋನ್ ಮಾಡಿ ಕೇಳಿ.

ಮುಂದೆ ಬೆಂಗಳೂರಿಗೋ ಮೈಸೂರಿಗೋ ವಾಪಸ್ ಬರುವ ಯೋಚನೆ ಇದ್ದರೆ ಅಫಿಡವಿಟ್ ಮತ್ತು ಮೌಲ್ಯಮಾಪಕರ ಪತ್ರದ ಪ್ರತಿಗಳನ್ನು ಪ್ರತಿ ವರ್ಷವೂ ಜೋಪಾನವಾಗಿಡಿ. ಇಲ್ಲಿನ ಖಾಸಗಿ ಶಾಲೆಗಳು ಹಿಂದಿನ ಓದಿನ ದಾಖಲೆ ಕೇಳುತ್ತವೆ. ಆಗ ತೋರಿಸಲು ನಿಮ್ಮ ಕೈಯಲ್ಲಿರುವುದು ಅವೇ.