ಹಳ್ಳಿ ಕಾದಂಬರಿಯಲ್ಲಿ ಹೊರಗಿನವರು ಯಾರು?

ಕನ್ನಡ ಕಾದಂಬರಿಯ ಹಳ್ಳಿಗೆ ಬರುವ ಹೊರಗಿನವರು ಬಹಳ ಸಲ ಅದೇ ಊರಿನ ಮಕ್ಕಳು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಶುರುವಾಗುವುದೇ ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ, ರಾಮಯ್ಯ ಮಲೆನಾಡಿಗೆ ಮರಳುವುದರಿಂದ. ಮನೆ ಅದೇ, ಜನ ಅವರೇ. ಆದರೂ ಹೂವಯ್ಯನಿಗೂ ಯಜಮಾನ ಚಂದ್ರಯ್ಯಗೌಡರಿಗೂ ಹೊಂದುವುದಿಲ್ಲ.

ಈ ‘ಓದಿ ಬಂದ ಮಗ’ನನ್ನು ಜಾಸ್ತಿ ನಿಷ್ಠುರವಾಗಿ ನೋಡಿದವರು ಅನಂತಮೂರ್ತಿ. ‘ಭಾರತೀಪುರ’ದ (1973) ಜಗನ್ನಾಥ ಇಂಗ್ಲೆಂಡಿನಿಂದ ಬಂದವನು, ಊರಿನ ಜಮೀನ್ದಾರ. ದಲಿತರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಬೇಕು ಎಂಬುದು ಅವನ ಹಟ. ಅದಕ್ಕೂ ಮೊದಲು ಮನೆಯ ಸಾಲಿಗ್ರಾಮವನ್ನು ಹೊರಗೆ ತಂದು, ಮುಟ್ಟಿ ಎಂದು ಅವರ ಮುಂದೆ ಹಿಡಿಯುತ್ತಾನೆ. ಅವರು ಹೆದರಿ ಹಿಂದೆ ಸರಿಯುತ್ತಾರೆ. ಇವನ ಕೋರಿಕೆ ಗದರಿಕೆಯಾಗುತ್ತದೆ. ಕೊನೆಗೆ ಮುಟ್ಟುತ್ತಾರೆ, ನಿಜ. ಆದರೆ ಧಣಿ ಗದರಿದ್ದಕ್ಕೆ! ಬಿಡಿಸಲು ಹೋದವನೇ ಅಪ್ಪಣೆ ಕೊಟ್ಟಂತಾಯಿತು, ಅಲ್ವಾ?

ಮದುವೆಯಾಗಿ ಬರುವ ಹೆಣ್ಣಿನ ಪಾಡು ಬೇರೆ. ಶ್ರೀಕೃಷ್ಣ ಆಲನಹಳ್ಳಿ ಅವರ ‘ಪರಸಂಗದ ಗೆಂಡೆತಿಮ್ಮ’ದಲ್ಲಿ ಮರಂಕಿ ಪೇಟೆಯ ಗಾಳಿ ಕಂಡವಳು. ಅವಳ ಜೊತೆ ಸೋಪು, ಪೌಡರೂ ಹಳ್ಳಿಗೆ ಬರುತ್ತವೆ. ಮೊದಲು ಆಡಿಕೊಂಡ ಹೆಂಗಸರೇ ಆಮೇಲೆ ಅವಳ ಗಂಡ, ಊರೂರು ತಿರುಗಿ ಸಾಮಾನು ಮಾರುವ ತಿಮ್ಮನ ಹತ್ತಿರ ಅದನ್ನೇ ಕೇಳುತ್ತಾರೆ. ಸರಕನ್ನು ಒಳಗೆ ಬಿಟ್ಟುಕೊಂಡ ಊರು ಅವಳನ್ನು ಬಿಟ್ಟುಕೊಳ್ಳುವುದಿಲ್ಲ.

ತೇಜಸ್ವಿಯವರ ‘ಕರ್ವಾಲೊ’ (1980) ಮಾತ್ರ ಈ ಜಗಳದ ಗೋಜಿಗೇ ಹೋಗುವುದಿಲ್ಲ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನಲ್ಲಿ ಹೊರಗಿನಿಂದ ಬಂದ ವಿಜ್ಞಾನಿ ಹುಟ್ಟು ಜೀವಶಾಸ್ತ್ರಜ್ಞನನ್ನು ಕಾಣುತ್ತಾನೆ. ಹಾರುವ ಓತಿಯ ಹಿಂದೆ ಬಿದ್ದವರಿಗೆ ಯಾರು ಎಲ್ಲಿಯವರು ಅನ್ನುವುದು ಮುಖ್ಯವಲ್ಲ.

ಆದರೆ ಇವರೆಲ್ಲರಿಗಿಂತ ಮೊದಲೇ ಕಾರಂತರು 1933ರಲ್ಲಿ ‘ಚೋಮನ ದುಡಿ’ಯಲ್ಲಿ ದಲಿತ ಚೋಮನನ್ನು ತೋರಿಸಿದ್ದರು. ಅವನು ಎಲ್ಲಿಂದಲೋ ಬಂದವನಲ್ಲ. ಕಾಡಿನಲ್ಲಿ ಸಿಕ್ಕ ಎರಡು ಎತ್ತು ಸಾಕಿದ್ದಾನೆ, ಉಳಲು ತುಂಡು ಭೂಮಿ ಬೇಕು. ಧಣಿ ಸಂಕಪ್ಪಯ್ಯ ಕೊಟ್ಟಾನು, ಅವರ ತಾಯಿ ಬಿಡುವುದಿಲ್ಲ. ಊರಲ್ಲೇ ಇದ್ದೂ ಊರಿಗೆ ಸೇರದ ಚೋಮನ ಮುಂದೆ ಜಗನ್ನಾಥನ ಒಂಟಿತನ ನನಗಂತೂ ಶ್ರೀಮಂತರ ಕಾಯಿಲೆಯಂತೆ ಕಾಣುತ್ತದೆ.

ಚೋಮನಂಥವರ ಕೇರಿಯನ್ನು ಕಾರಂತರೂ ಹೊರಗೆ ನಿಂತೇ ಬರೆದರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಕುಸುಮಬಾಲೆ’ಯಲ್ಲಿ ದೇವನೂರ ಮಹಾದೇವ ಒಳಗಿನಿಂದ ಬರೆದರು, ನಂಜನಗೂಡು ಸೀಮೆಯ ಆಡುಮಾತಿನಲ್ಲಿ. ಭಾಷೆ ಅರ್ಥವಾಗುವುದಿಲ್ಲ ಎಂದು ಗೊಣಗಿದವರು ಪೇಟೆಯ ಓದುಗರು.